ಕಾವಲು ಕೋಲು ನಮ್ಮ ಬಾಗಿಲಿಗೆ ಬಂದ ದಿನ

ನಾನು ಚಿಕ್ಕವನಿದ್ದಾಗ ಹೊಸಹಳ್ಳಿ ಕಡೆಯ ನಮ್ಮೂರ ಗುಡ್ಡಕ್ಕೆ ಬೇಲಿ ಇರಲಿಲ್ಲ, ಒಂದು ಕೋಲು ಇತ್ತು. ಹುಲ್ಲು ಬಲಿತು ಬೀಜ ಉದುರುವ ತನಕ ಅಲ್ಲಿ ಯಾರೂ ಕುರಿ ಬಿಡುವಂತಿರಲಿಲ್ಲ. ಆಮೇಲೆ ಊರೆಲ್ಲ ಒಂದೇ ದಿನ ಕುಡುಗೋಲು ಹಿಡಿದು ಹೋಗಿ, ಕೊಯ್ದು ಹಂಚಿಕೊಳ್ಳುತ್ತಿತ್ತು. ಅಲ್ಲಿಯವರೆಗೆ ಸರದಿಯ ಕಾವಲು. ಬೆಳಿಗ್ಗೆ ಆ ಕೋಲು ಯಾರ ಬಾಗಿಲಿಗೆ ಒರಗಿರುತ್ತದೋ ಆ ಮನೆಯವರು ಅಂದು ಗುಡ್ಡ ಕಾಯಬೇಕು.

ಒಂದು ದಿನ ನಮ್ಮ ಸರದಿ ಬಂತು. ಅಪ್ಪ ಕೋಲನ್ನು ನನ್ನ ಕೈಗೇ ಕೊಟ್ಟ.

"ನೀನೂ ಅಕ್ಕನೂ ಮೂಡಣ ಕಡಿ ಕುಂದರ್ರಿ. ಕುರಿ ನುಗ್ಗಿದ್ರ ಆ ಕಡಿಂದನ ನುಗ್ಗತಾವು," ಎಂದ.

ಕೋಲು ನನಗಿಂತ ಎತ್ತರವಿತ್ತು. ಅದನ್ನು ಹಿಡಿದು ಓಣಿಯಲ್ಲಿ ನಡೆದಾಗ ನಾನೇ ಊರ ಗೌಡ ಎಂಬ ಜಂಬ ನನಗೆ. ಗುಡ್ಡದಲ್ಲಿ ಕೂತ ಬಂಡೆ ಕಾದು ತೊಡೆ ಚುರುಗುಟ್ಟಿದರೂ ಏಳಲಿಲ್ಲ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತಿನ್ನುವಾಗಲೂ ಕಣ್ಣು ಹುಲ್ಲಿನ ಮೇಲೇ ಇತ್ತು.

ಮಧ್ಯಾಹ್ನ ಪಡುವಣ ಕಡೆಯಿಂದ ಗಂಟೆಯ ಸದ್ದು ಕೇಳಿತು. ಅಕ್ಕನ ಮುಖ ಸಣ್ಣದಾಯಿತು.

"ಇದು ನಮ್ಮ ಟಗರಿನ ಗಂಟಿ ಐತಿ," ಎಂದಳು.

ಗುಡ್ಡದ ನೆತ್ತಿಗೆ ಓಡಿದೆವು. ಆಚೆ ಇಳಿಜಾರಿನಲ್ಲಿ ನಮ್ಮ ಕುರಿಗಳು ಹುಲ್ಲಿನ ಎಳೆ ತೆನೆಗಳನ್ನು ಕರಕರ ಮೇಯುತ್ತಿದ್ದವು. ಕಂಬಳಿ ಹೆಗಲಿಗೇರಿಸಿ ನಿಂತಿದ್ದವನು ಅಪ್ಪ. ನಮ್ಮನ್ನು ಬೇಕೆಂದೇ ಇನ್ನೊಂದು ಕಡೆ ಕೂರಿಸಿದ್ದ.

"ಸುಮ್ಮನ ಮನಿಗಿ ನಡೀರಿ," ಎಂದ, ಅಷ್ಟೇ.

ತುಳಿದ ಹುಲ್ಲು ಸಂಜೆಗೆ ಊರಿನವರ ಕಣ್ಣಿಗೆ ಬಿತ್ತು. ಬೇವಿನ ಕಟ್ಟೆಯ ಮೇಲೆ ಹಿರಿಯರು ಸೇರಿ ಅಪ್ಪನನ್ನು ಕೇಳಿದರು.

"ಹುಡುಗ್ರು ಆಟದಾಗ ಮೈಮರ್ತಾವ್ರಿ. ಯಾರ ಕುರಿನೋ ಹೊಕ್ಕಾವು," ಎಂದ ಅಪ್ಪ.

ನಾನು ಬಾಯಿ ತೆರೆದೆ. ಅಕ್ಕ ನನ್ನ ಮುಂಗೈ ನೋಯುವಂತೆ ಅದುಮಿದಳು. ಒಬ್ಬ ಹಿರಿಯರು ಬಂದು ಕೋಲನ್ನು ನನ್ನ ಕೈಯಿಂದ ಬಿಡಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಅತ್ತಾದರೂ ಹಗುರಾಗುತ್ತಿದ್ದೆ. ಅಪ್ಪ ನೆಲ ನೋಡುತ್ತಾ ನಿಂತಿದ್ದ. ಆ ದಿನದಿಂದ ಹುಡುಗರನ್ನು ಕಾವಲಿಗೆ ಕಳಿಸುವುದನ್ನೇ ಊರು ನಿಲ್ಲಿಸಿತು, ಓಣಿಯ ಹುಡುಗರೆಲ್ಲ ನನ್ನನ್ನು ಕೆಕ್ಕರಿಸಿ ನೋಡಿದರು.

ಈಗ ಆ ಗುಡ್ಡಕ್ಕೆ ತಂತಿ ಬೇಲಿ ಬಂದಿದೆ, ಕಾಯುವ ಸರದಿ ಯಾರಿಗೂ ಇಲ್ಲ. ಮೊಮ್ಮಕ್ಕಳಾದ ನಿಮಗೆ ಆ ಜಂಬವೂ ಗೊತ್ತಿಲ್ಲ, ಆ ಅವಮಾನವೂ ಗೊತ್ತಿಲ್ಲ. ಮೊನ್ನೆ ಓಣಿಯ ನಲ್ಲಿ ತೆರೆದೇ ಉಳಿದು ನೀರೆಲ್ಲ ಹರಿದುಹೋದಾಗ, ನಿಮ್ಮ ಅಪ್ಪ ಅದನ್ನು ನಿಮ್ಮ ಮೇಲೆ ಹಾಕಲು ನೋಡಿದ. ನೀವಿಬ್ಬರೂ ಊಟಕ್ಕೆ ಕೂತಲ್ಲೇ, "ಬಿಟ್ಟಾವ ನೀನಪ್ಪಾ," ಎಂದಿರಿ. ಅವನು ನಕ್ಕು, "ಹೌದು, ನಂದ ತಪ್ಪು," ಎಂದ. ನೀವೂ ನಕ್ಕಿರಿ.

ನಾನು ಅರ್ಧ ಊಟಕ್ಕೇ ಎದ್ದು ಹೋದದ್ದು ಯಾಕೆ ಎಂದು ಕೇಳಿದಿರಲ್ಲ. ನನಗೆ ಹೊಟ್ಟೆಕಿಚ್ಚಾಗಿತ್ತು, ಮಕ್ಕಳೇ. ನನ್ನ ಅಪ್ಪನ ಬಾಯಿಂದ ಆ ಒಂದು ಮಾತು ಬರಲಿ ಎಂದು ಅವನು ಸಾಯುವ ತನಕ ಕಾದೆ. ಬರಲಿಲ್ಲ.