ದೊಡ್ಡಮ್ಮ ಬಸ್ಸಿಗೆ ಊದಿದ್ದು

ಅಕ್ಕಸಾಲಿಗನ ಊದುಗೊಳವೆ ಬೆರಳಷ್ಟು ಸಪೂರ, ತುದಿಯಲ್ಲಿ ಬಾಗಿರುತ್ತದೆ. ಕಮ್ಮಾರನ ತಿದಿ ಗಬ್ಬದ ಎಮ್ಮೆಯಂತೆ ಏದುಸಿರು ಬಿಡುತ್ತದೆ. ಬಸ್ಸಿಗೂ ಗಾಳಿ ಊದಬೇಕು ಎಂದು ನಮಗೆ ತಿಳಿದದ್ದು ಯುದ್ಧದ ಕಾಲದಲ್ಲಿ. ಪೆಟ್ರೋಲು ಸಿಗದೆ ಹೊಸೂರು–ಕೃಷ್ಣಗಿರಿ ಬಸ್ಸುಗಳ ಬೆನ್ನಿಗೆ ಆಳೆತ್ತರದ ಇದ್ದಿಲೊಲೆ ಕಟ್ಟಿದ್ದರು. ಅದರ ಹೊಗೆಯೇ ಎಂಜಿನ್ನಿಗೆ ಆಹಾರ. ಕೆಂಡ ಮಂಕಾದರೆ ಕಂಡಕ್ಟರು ಇಳಿದು, ಒಲೆಗೆ ಜೋಡಿಸಿದ ಬ್ಲೋವರಿನ ಹಿಡಿಯನ್ನು ಗರಗರ ತಿರುಗಿಸಬೇಕು.

ಆ ಬುಧವಾರ ನಾನೂ ದೊಡ್ಡಮ್ಮನೂ ಅಂಥದೊಂದು ಬಸ್ಸಿನಲ್ಲಿದ್ದೆವು. ಕೃಷ್ಣಗಿರಿಯಲ್ಲಿ ಅವಳ ಮಗಳು, ನನಗೆ ಅಕ್ಕ, ಬೇರೆ ಸಂಸಾರ ಹೂಡಿದ್ದಳು. ಹೊಸ ಮನೆಯ ಮೊದಲ ಒಲೆಯನ್ನು ತಾಯಿ ಹೊತ್ತಿಸಬೇಕು, ಅದೂ ಹನ್ನೆರಡಕ್ಕೆ ರಾಹುಕಾಲ ಶುರುವಾಗುವ ಮುಂಚೆ. ಊದುವ ಕೊಳವೆ ಯಾರ ಬಾಯನ್ನೂ ಮುಟ್ಟಿರಬಾರದು. ಇದು ನಮ್ಮ ಮನೆತನದ ಪದ್ಧತಿ ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳಿದಳು. ಆ ಬೆಳಿಗ್ಗೆಯೇ ಹುಟ್ಟಿಸಿದ ಪದ್ಧತಿಯೋ ಎಂಬ ಅನುಮಾನ ನನಗಿದೆ. ಬೇರೆ ಯಾರ ಮನೆಯಲ್ಲೂ ಕಂಡ ನೆನಪಿಲ್ಲ. ಹೊಸ ಹಿತ್ತಾಳೆ ಕೊಳವೆಯನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ, ಕೂಸಿನಂತೆ ಮಡಿಲಲ್ಲಿಟ್ಟುಕೊಂಡಿದ್ದಳು.

ಸೂಳಗಿರಿಯಲ್ಲಿ ಡ್ರೈವರು ಕಾಫಿಗೆ ಇಳಿದ. ಅವನು ಬರುವಷ್ಟರಲ್ಲಿ ಕೆಂಡ ಬೂದಿಯಡಿ ಮಲಗಿತ್ತು. ಕಂಡಕ್ಟರು ಬ್ಲೋವರ್ ತಿರುಗಿಸಲು ಹೋದ. ಹಿಡಿ ಕೈಗೇ ಕಿತ್ತು ಬಂತು. ಆಗ ಗಂಟೆ ಹತ್ತಾಗಿತ್ತು ಎಂದು ಬರೆಯಲು ಕೈ ಹೋಗುತ್ತದೆ, ಆದರೆ ನನ್ನ ಹತ್ತಿರ ಗಡಿಯಾರವೇ ಇರಲಿಲ್ಲ. ಆ ದಿನದ ನನ್ನ ದಿನಚರಿಯಲ್ಲಿರುವುದು ಒಂದೇ ಮಾತು: ‘ಬಸ್ಸು ತಡ.’

ಕಂಡಕ್ಟರನ ಕಣ್ಣು ದೊಡ್ಡಮ್ಮನ ಮಡಿಲಿಗೆ ಬಿತ್ತು.

“ಅಮ್ಮಾ, ಆ ಕೊಳವೆ ಕೊಡಿ. ನಾಕು ಸಲ ಊದ್ಬುಟ್ಟು ಕೊಡ್ತೀನಿ.”

“ನಿನ್ ಬೀಡಿ ಬಾಯ್ಗಾ? ನನ್ ಮಗಳ ಒಲೆಗೆ ಬೀಡಿ ವಾಸ್ನೆ ಹೊತ್ಕೊಂಡೋಗ್ಲಾ?”

“ಹಂಗಾದ್ರೆ ಇಲ್ಲೇ ಕುಂತ್ಕೊಳ್ಳಿ. ರಾಹುಕಾಲ ಇಲ್ಲಿಗೇ ಬತ್ತದೆ, ಅದುಕ್ಕೇನು ಬಸ್ಸು ಬ್ಯಾಡ.”

ನಾನು ಕಾಲೇಜಿನ ವಿದ್ಯೆ ಹೊರತೆಗೆದೆ. ಕೆಂಡದ ಮೇಲೆ ಗಾಳಿ ಹಾಯ್ದರೆ ಉರಿಯುವ ಅನಿಲ ಹುಟ್ಟುತ್ತದೆ, ಯಾರು ಊದಿದರೂ ಗಾಳಿ ಗಾಳಿಯೇ ಎಂದೆ.

“ಹಂಗಾದ್ರೆ ನಿನ್ ಬುಕ್ಕನ್ನೇ ಊದು ಕಣ್ಲಾ, ಹೊತ್ಕೊತದಾ ನೋಡಾಣ,” ಎಂದಳು ದೊಡ್ಡಮ್ಮ.

ಬಸ್ಸೆಲ್ಲ ನಕ್ಕಿತು. ಅವಳು ನಗಲಿಲ್ಲ. ಕೊಳವೆ ಉಳಿಸಿಕೊಂಡರೆ ಹೊತ್ತು ಮೀರುತ್ತದೆ, ಹೊತ್ತು ಉಳಿಸಿಕೊಂಡರೆ ಕೊಳವೆ ಎಂಜಲಾಗುತ್ತದೆ. ಬಟ್ಟೆಯ ಗಂಟನ್ನು ಎರಡು ಸಲ ಬಿಚ್ಚಿ ಎರಡು ಸಲ ಕಟ್ಟಿದಳು. ಕೊನೆಗೆ ಎದ್ದಳು.

“ನಾನೇ ಊದ್ತೀನಿ ಬುಡು. ಎಳೇ ಕೂಸಾಗಿದ್ದಾಗ ನಾನು ಅಗಿದು ಕೊಟ್ಟ ತುತ್ತು ತಿಂದೋಳು, ನನ್ ಎಂಜಲು ಅವಳಿಗೇನ್ಲಾ ಹೊಸದಾ?”

ಸೆರಗು ಸಿಕ್ಕಿಸಿ, ಬಸ್ಸಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಬೂದಿ ತೆಗೆಯುವ ಬಾಗಿಲಿಗೆ ಕೊಳವೆಯಿಟ್ಟು ಊದತೊಡಗಿದಳು. ಪಕ್ಕದಲ್ಲಿ ಕಂಡಕ್ಟರು, ಹೆರಿಗೆ ಮಾಡಿಸುವ ಸೂಲಗಿತ್ತಿಯ ಹಾಗೆ, “ಇನ್ನೊಂದ್ಸಲ ಅಮ್ಮಾ, ಇನ್ನೊಂದ್ಸಲ,” ಎನ್ನುತ್ತಿದ್ದ. ಅವಳ ಮುಖ ಕೆಂಡಕ್ಕಿಂತ ಮೊದಲೇ ಕೆಂಪಾಯಿತು. ಕೊನೆಗೂ ಬಸ್ಸು ಕೆಮ್ಮಿತು, ನಡುಗಿತು, ಹೊರಟಿತು.

ಹೊಸ ಮನೆ ಮುಟ್ಟಿದಾಗ ಇನ್ನೂ ಹನ್ನೆರಡಾಗಿಲ್ಲ ಎಂದು ಎದುರುಮನೆಯವರು ಹೇಳಿದರು, ನಾವು ನಂಬಿದೆವು. ಅಕ್ಕ ಬಟ್ಟೆ ಬಿಚ್ಚಿ, ಕೊಳವೆಯ ಮಸಿ ಕಂಡು ಮುಖ ಸಣ್ಣಗೆ ಮಾಡಿದಳು.

“ಹೊಸದು ತತ್ತೀನಿ ಅಂದಿದ್ಯಲ್ಲಮ್ಮಾ?”

“ಬಸ್ಸನ್ನೇ ಎಬ್ಸಿದ ಕೊಳವೆ ಕಣಮ್ಮಿ. ನಿನ್ ಒಲೆ ಯಾವ ಲೆಕ್ಕ?”

ದೊಡ್ಡಮ್ಮ ಒಂದೇ ಉಸಿರಿಗೆ ಒಲೆ ಹೊತ್ತಿಸಿದಳು. ಒಂದೇ ಉಸಿರೋ, ಮೂರೋ. ನಾನು ಎಣಿಸಿರಲಿಲ್ಲ.