ಒರೆಯಕ್ಕ ಹುಡುಕುತ್ತಿರುವ ಹದಿಮೂರನೇ ಒರೆ

ಚಾಕು-ಕತ್ತಿಗೆ ಒರೆ ಹೊಲಿಯುವುದು ಚೀಲ ಹೊಲಿದಷ್ಟೇ ಸುಲಭ ಅಂತ ಯಾರಾದರೂ ಅಂದರೆ ನಂಬಲೇಬೇಡಿ. ಚೀಲದೊಳಗಿನ ಈರುಳ್ಳಿ ಯಾರ ಕಾಲನ್ನೂ ಕುಯ್ಯುವುದಿಲ್ಲ. ಬೇಕಾದರೆ ಒರೆಯಕ್ಕನನ್ನೇ ಕೇಳಿ.

ಅಕ್ಕನಿಗೆ ಈಗ ಐವತ್ತೆರಡು. ಹತ್ತೊಂಬತ್ತು ವರ್ಷ ಲಾರಿಗಳ ಟಾರ್ಪಾಲು ಹೊಲಿದ ಕೈ ಅದು. ಕಾರ್ಖಾನೆ ಮುಚ್ಚಿದ ದಿನ ಎಲ್ಲರೂ ಕಣ್ಣೊರೆಸಿಕೊಂಡು ಹೊರಟರೆ, ಅಕ್ಕ ತಾನು ತುಳಿಯುತ್ತಿದ್ದ ಹೊಲಿಗೆ ಮಿಷಿನ್ನನ್ನೇ ಕೇಳಿ ತೆಗೆದುಕೊಂಡು, ಕೈಗಾಡಿಯ ಮೇಲೆ ಹಾಕಿಸಿ ಮನೆಗೆ ತಂದಳು. ಅದು ಈಗಲೂ ಮುಂದಿನ ಕೋಣೆಯ ಕಿಟಕಿಗೆ ಮುಖ ಮಾಡಿ ಕೂತಿದೆ. ಪಕ್ಕದಲ್ಲಿ ಸುತ್ತಿಗೆ, ಮೇಣದ ಉಂಡೆ, ದಬ್ಬಳ. ನೆಲದ ಮೇಲೆ ಗುಜರಿಯವನು ತಂದು ಸುರಿದ ಗೋಣಿ.

ಗೋಣಿಯಲ್ಲಿರುವುದೆಲ್ಲ ಸೇನೆಯವರು ಬೇಡವೆಂದು ಹರಾಜು ಹಾಕಿದ ಹಳೇ ಒರೆಗಳು. ಬಂದೂಕಿನ ತುದಿಗೆ ಸಿಕ್ಕಿಸುವ ಕತ್ತಿಯವು ಕೆಲವು, ಪೊದೆ ಸವರುವ ಮಚ್ಚಿನವು ಕೆಲವು. ತೊಗಲಿನವು, ಕಬ್ಬಿಣದವು, ದಪ್ಪ ಕ್ಯಾನ್ವಾಸಿನವು.

"ಏನಪ್ಪಾ, ಯಾವ ಯುದ್ಧ ಗೆದ್ದು ಬಂದೆ?" ಅಂತ ಅಕ್ಕ ಪ್ರತಿ ಸಲವೂ ಕೇಳುತ್ತಾಳೆ.

"ಗೆದ್ದೋರು ಕತ್ತಿ ಇಟ್ಕೊಂಡ್ರು ಅಕ್ಕಾ, ನನ್ ಪಾಲಿಗೆ ಒರೆ ಬಿಟ್ರು," ಅನ್ನುತ್ತಾನೆ ಗುಜರಿಯವನು.

ಈ ಒರೆಗಳನ್ನು ಬಿಚ್ಚಿ, ಕತ್ತರಿಸಿ, ತೋಟದವರ ಚಾಕುವಿಗೆ, ಬೆಟ್ಟ ಹತ್ತುವವರ ಚಾಕುವಿಗೆ ಹೊಂದಿಸಿ ಕೊಡುವುದೇ ಅಕ್ಕನ ಕಸುಬು. ತೊಗಲಾದರೆ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಗಿರಾಕಿಯ ಚಾಕುವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಗಿಳಿಸಿ, ಎರಡು ದಿನ ನೆರಳಲ್ಲಿ ಒಣಗಿಸುತ್ತಾಳೆ. ಬಿಸಿಲಿಗಿಟ್ಟರೆ ತೊಗಲು ಮುನಿಸಿಕೊಂಡ ಗಂಡನ ಹಾಗೆ ಸೆಟೆದುಕೊಳ್ಳುತ್ತದಂತೆ. ಕಬ್ಬಿಣದ್ದಾದರೆ ಬಾಯೊಳಗಿನ ಸ್ಪ್ರಿಂಗ್ ಪಟ್ಟಿಯನ್ನು ಮೀಟಿ ತೆಗೆದು, ಹದವಾಗಿ ಬಡಿದು ಮತ್ತೆ ಕೂರಿಸುತ್ತಾಳೆ. ಕೊನೆಗೆ ಗಿರಾಕಿಯ ಎದುರೇ ಒರೆಯನ್ನು ತಲೆಕೆಳಗೆ ಹಿಡಿದು ಹತ್ತು ಸಲ ಜಾಡಿಸುತ್ತಾಳೆ.

"ಬೀಳ್ಲಿಲ್ಲ ಅಂದ್ರೆ ನಿಂದು, ಬಿತ್ತು ಅಂದ್ರೆ ನಂದು."

ಇಷ್ಟು ವರ್ಷದಲ್ಲಿ ಬಿದ್ದದ್ದೇ ಇಲ್ಲ. ಅದರ ಬಗ್ಗೆ ಅಕ್ಕನಿಗೆ ಒಂಚೂರು ಜಂಬವೂ ಇತ್ತು, ಸುಳ್ಳು ಯಾಕೆ ಹೇಳಬೇಕು.

ಅಕ್ಕನ ತಮ್ಮ ಮರ ಹತ್ತಿ ಕೊಂಬೆ ಸವರುವವನು. ಹತ್ತುವಾಗ ಎರಡೂ ಕೈ ಹಗ್ಗದ ಮೇಲಿರಬೇಕು, ಹಾಗಾಗಿ ಗರಗಸವನ್ನು ಮೊಣಕಾಲ ಕೆಳಗೆ ಕಟ್ಟಿಕೊಳ್ಳುತ್ತಾರೆ. ಅವನಿಗಾಗಿ ಅಕ್ಕ ಮಚ್ಚಿನ ಕ್ಯಾನ್ವಾಸ್ ಒರೆಯನ್ನು ಕಿರಿದು ಮಾಡಿ, ಎರಡು ಪಟ್ಟಿ ಹಾಕಿ ಕೊಟ್ಟಿದ್ದಳು. ಅದನ್ನು ನೋಡಿದ ಮರ ಹತ್ತುವವರೆಲ್ಲ ನಂಗೂ ಒಂದು, ನಂಗೂ ಒಂದು ಅಂತ ಬಂದರು. ಹೀಗೆ ತಮ್ಮನದಲ್ಲದೆ ಇನ್ನೂ ಹದಿಮೂರು ಗರಗಸದ ಒರೆಗಳು ಬೇರೆಬೇರೆ ಕಾಲು ಸೇರಿದವು.

ಒಂದು ದಿನ ತಮ್ಮ ಕುಂಟುತ್ತಾ ಬಂದ.

"ಕೊಂಬೆ ಚುಚ್ತು ಕಣೇ ಅಕ್ಕ. ಏಳು ಹೊಲಿಗೆ. ಡಾಕ್ಟ್ರು ಹೊಲಿದಿದ್ದು ನಿನ್ನಷ್ಟು ನೀಟಾಗಿಲ್ಲ ಬಿಡು."

ಅಕ್ಕ ನಕ್ಕಳು, ಬೈದಳು, ಟೀ ಕೊಟ್ಟಳು. ಮೂರು ವಾರ ಕಳೆದು ಅವನ ಮನೆಗೆ ಹೋದಾಗ ಬಾಗಿಲ ಹಿಂದಿನ ಮೊಳೆಯಲ್ಲಿ ಆ ಒರೆ ನೇತಾಡುತ್ತಿತ್ತು. ಕೆಳಗಿನ ಅರ್ಧಕ್ಕೆ ಕಪ್ಪು ಟೇಪು ಸುತ್ತಿತ್ತು.

"ಇದೇನಮ್ಮಾ, ನನ್ ಒರೆಗೂ ಬ್ಯಾಂಡೇಜು?" ಅಂತ ತಮ್ಮನ ಹೆಂಡತಿಯನ್ನು ಕೇಳಿದಳು.

"ಅದು... ನಿಮ್ಮ ತಮ್ಮನ್ನೇ ಕೇಳಿ ಅತ್ತಿಗೆ," ಅಂದವಳೇ ಅವಳು ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆಯಲು ಹೋದಳು.

ಅಕ್ಕ ಟೇಪು ಬಿಡಿಸಿದಳು. ಅಂಚಿನ ಹೊಲಿಗೆ ಒಂದು ಗೇಣು ಬಾಯಿ ಬಿಟ್ಟಿತ್ತು. ದಾರದ ತುದಿಗಳನ್ನು ಹೆಬ್ಬೆರಳಿನಿಂದ ಸವರಿದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

"ಕೊಂಬೆ ಚುಚ್ತು ಅಂದ್ಯಲ್ಲ?" ಅಂತ ಒಳಗಿನಿಂದ ಬಂದ ತಮ್ಮನನ್ನು ಕೇಳಿದಳು.

ತಮ್ಮ ಗೋಡೆ ನೋಡಿದ. "ಹೂಂ ಮತ್ತೆ."

"ಕೊಂಬೆಗೆ ಹಲ್ಲಿತ್ತೇನೋ? ಸವೆದ ದಾರಕ್ಕೆ ಮೀಸೆ ಬರುತ್ತೆ. ಇದು ಒಳಗಿಂದ ಕತ್ತರಿಸ್ಕೊಂಡು ಬಂದಿರೋದು."

"ಹೇಳಿದ್ರೆ ನೀನು ಮಿಷಿನ್ ಮಾರಿ ಮೂಲೆ ಸೇರ್ತಿದ್ದೆ. ನಂಗೊತ್ತಿಲ್ವಾ ನಿನ್ನ?"

"ನನ್ ಸುದ್ದಿ ಹಾಳಾಗ್ಲಿ. ಇನ್ನೂ ಹದಿಮೂರು ಜನ ಇದನ್ನೇ ಕಟ್ಕೊಂಡು ಮರದ ಮೇಲಿದಾರಲ್ಲೋ, ಪೆದ್ದೇ!"

ಅಕ್ಕನ ಮನಸ್ಸು ನೋಯಬಾರದು ಅನ್ನುವ ಯೋಚನೆಯಲ್ಲಿ ಇದು ತಮ್ಮನಿಗೆ ಹೊಳೆದೇ ಇರಲಿಲ್ಲ.

ಆಗಿದ್ದಿಷ್ಟೇ. ಚಾಕು ಒರೆಯೊಳಗೆ ಮಲಗುತ್ತದೆ, ಗರಗಸ ಮಲಗುವುದಿಲ್ಲ. ಹತ್ತುವವನ ಪ್ರತಿ ಹೆಜ್ಜೆಗೂ ಅದು ಕೂದಲೆಳೆಯಷ್ಟು ಮೇಲೆ ಕೆಳಗೆ ಆಡುತ್ತದೆ, ಆಡಿದಾಗಲೆಲ್ಲ ಹಲ್ಲಿಗೆ ಸಿಕ್ಕಿದ ಹೊಲಿಗೆಯನ್ನು ಕುಯ್ಯುತ್ತದೆ, ಹೊಲಿಗೆ ಬಿಟ್ಟ ಮೇಲೆ ಕಾಲನ್ನು. ಅಕ್ಕ ನಿಂತಲ್ಲೇ ನಿಂತು ಜಾಡಿಸಿ ನೋಡಿದ್ದಳೇ ಹೊರತು, ಕಟ್ಟಿಕೊಂಡು ನಡೆದು ನೋಡಿರಲಿಲ್ಲ.

ಮರುದಿನ ಅಕ್ಕ ಹಳೇ ನೀಲಿ ಪ್ಲಾಸ್ಟಿಕ್ ಡ್ರಮ್ಮೊಂದನ್ನು ಕತ್ತರಿಸಿ, ಮೂರು ಬೆರಳಗಲದ ಪಟ್ಟಿ ಮಾಡಿ, ಬಿಸಿನೀರಲ್ಲಿ ಮೆತ್ತಗಾಗಿಸಿ ಉದ್ದಕ್ಕೆ ಮಡಚಿದಳು. ಗರಗಸದ ಹಲ್ಲು ಆ ಮಡಿಕೆಯೊಳಗೆ ಕೂರಬೇಕು, ದಾರದ ಮುಖವನ್ನೇ ನೋಡಬಾರದು. ಆಮೇಲೆ ಪಟ್ಟಿಯನ್ನು ಒರೆಯೊಳಗೆ ಕೂರಿಸಿ, ಗರಗಸ ಇಳಿಸಿ, ಒರೆಯನ್ನು ತನ್ನ ಕಾಲಿಗೇ ಕಟ್ಟಿಕೊಂಡು ತನ್ನ ಮನೆಯಿರುವ ಕಟ್ಟಡದ ಮೂರು ಮಹಡಿಯನ್ನೂ ಹತ್ತಿ ಇಳಿಯತೊಡಗಿದಳು.

"ಏನಮ್ಮಾ, ದರೋಡೆಗೆ ತಾಲೀಮಾ?" ಅಂದರು ಮೇಲಿನ ಮನೆಯ ಮೇಷ್ಟ್ರು.

"ಹೂಂ ಮೇಷ್ಟ್ರೇ, ನಿಮ್ಮನೆಯಿಂದ್ಲೇ ಶುರು. ಬಾಗ್ಲು ತೆಗ್ದಿಟ್ಟಿರಿ."

ಮೊದಲ ಪಟ್ಟಿ ಎರಡನೇ ದಿನಕ್ಕೆ ಸೀಳಿತು. ಇನ್ನಷ್ಟು ಬಿಸಿ ಮಾಡಿ ಮಡಚಿದ್ದು ತಡೆಯಿತು. ಐದು ದಿನ ಹತ್ತಿಳಿದು ಮೊಣಕಾಲು ಊದಿಸಿಕೊಂಡ ಮೇಲೆ ಒರೆ ಬಿಚ್ಚಿ ನೋಡಿದರೆ, ಒಂದು ಎಳೆಯೂ ಕಡಿದಿರಲಿಲ್ಲ.

ತಮ್ಮ ಸ್ಕೂಟರ್ ತೆಗೆದ, ಅಕ್ಕ ಪಟ್ಟಿಗಳ ಚೀಲ ಹಿಡಿದು ಹಿಂದೆ ಕೂತಳು. ಪಾರ್ಕು, ಶಾಲೆಯ ಅಂಗಳ, ಸಸಿ ಮಾರುವವರ ತೋಟ, ಎಲ್ಲ ಕಡೆ ಹೋಗಿ ಕೆಳಗೆ ನಿಂತು ಮರದ ಮೇಲಿದ್ದವರನ್ನು ಕೂಗಿ ಇಳಿಸಿದರು. ಒಬ್ಬ ಮುದುಕ ಮಾಲಿ ಮಾತ್ರ ಕೊಡಲೊಲ್ಲ.

"ನಂದು ಗಟ್ಟಿ ಇದೆ ತಾಯಿ. ನಿನ್ ಕೈಕೆಲಸ ಅಲ್ವಾ?"

"ನನ್ ಕೈಕೆಲಸ ಅಂತ್ಲೇ ಕೇಳ್ತಿರೋದು ಯಜಮಾನ್ರೇ." ಅಕ್ಕ ಬಗ್ಗಿ ಅವನ ಒರೆಯ ಅಂಚನ್ನು ಮೆತ್ತಗೆ ಒತ್ತಿದಳು. ಹೊಲಿಗೆಯ ಸಂದಿಯಿಂದ ಗರಗಸ ಹಾಲುಹಲ್ಲಿನ ಹಾಗೆ ಇಣುಕಿತು. ಮುದುಕ ಹುಲ್ಲಿನ ಮೇಲೆ ಕೂತು ಒರೆ ಬಿಚ್ಚಿಕೊಟ್ಟ.

ಹನ್ನೆರಡು ಸಿಕ್ಕಿವೆ. ತಮ್ಮ ಹೊಸ ಪಟ್ಟಿ ಹಾಕಿದ ಒರೆ ಕಟ್ಟಿಕೊಂಡು ಮರ ಹತ್ತುತ್ತಿದ್ದಾನೆ. ಅಕ್ಕ ಮಾತ್ರ ಹೊಸ ಗರಗಸಕ್ಕೆ ಅಳತೆ ತೆಗೆದುಕೊಳ್ಳುತ್ತಿಲ್ಲ. ಹದಿಮೂರನೆಯದು ಸಿಗಲಿ ಅನ್ನುತ್ತಾಳೆ. ಅದನ್ನು ಹೊಲಿಸಿಕೊಂಡವಳು ಎತ್ತರದ ಹೆಂಗಸು, ಎಡಚಿ, ಎಡಗಾಲಿಗೇ ಪಟ್ಟಿ ಹಾಕಿಸಿಕೊಂಡಿದ್ದಳು. ಬಾಗಿದ ಗರಗಸ, ಕೆಂಪು ಹಿಡಿ. "ಕೈ ನೋಡ್ದೆ, ಗರಗಸ ನೋಡ್ದೆ, ಯಾವೂರಮ್ಮಾ ಅಂತ ಒಂದ್ ಮಾತು ಕೇಳ್ಲಿಲ್ಲ ನೋಡು," ಅಂತ ಹಣೆ ಚಚ್ಚಿಕೊಳ್ಳುತ್ತಾಳೆ.

ಅದಕ್ಕೇ ನಿಮಗೆ ಹೇಳುತ್ತಿರುವುದು. ಮರದ ಮೇಲೆ ಯಾರಾದರೂ ಹೆಂಗಸು ಕಂಡರೆ ಒಂದು ಕ್ಷಣ ನಿಂತು ಎಡಗಾಲು ನೋಡಿ. ಹಸಿರು ಕ್ಯಾನ್ವಾಸು, ಅಂಚಿಗೆ ಜೋಡಿ ಬಿಳಿ ಹೊಲಿಗೆ ಇದ್ದರೆ ಕೂಗಿ ಇಳಿಸಿ, ಅಕ್ಕನ ಮನೆಗೇ ಕರೆದುಕೊಂಡು ಹೋಗಿ. ಸೈಕಲ್ ರಿಪೇರಿ ಅಂಗಡಿಯ ಪಕ್ಕದ ಓಣಿ, ಎಡಕ್ಕೆ ಮೂರನೇ ಬಾಗಿಲು. ಅವಳು ಸಿಗದಿದ್ದರೂ ಪರವಾಗಿಲ್ಲ, ಮನೆಯಲ್ಲಿ ಒರೆ ಇಲ್ಲದ ಚಾಕು ಒಂದು ಇದ್ದೇ ಇರುತ್ತದಲ್ಲ, ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಅಕ್ಕನನ್ನು ಒಮ್ಮೆ ಮಾತಾಡಿಸಿ ಬನ್ನಿ.