ಚೌಳು ನೆಲದ ಗೆಂದಾಳಿ

ಈ ಬೆಳಿಗ್ಗೆ ಗಂಜಾಂನಲ್ಲಿ ಅಮ್ಮನವರ ದರ್ಶನ ಮುಗಿಸಿ ಎಳನೀರಿನ ಗಾಡಿಯ ಮುಂದೆ ನಿಂತೆ. ಹಸಿರು ಕಾಯಿಗಳ ನಡುವೆ ನಾಲ್ಕಾರು ಕೇಸರಿ ಬಣ್ಣದವು ಕಂಡವು. ಒಂದನ್ನು ಕೆತ್ತಿಸಿಕೊಂಡೆ. ಹಸಿ ಸಿಪ್ಪೆಯ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಪಾಲಹಳ್ಳಿಯ ಸೋದರತ್ತೆ ಭಾಗ್ಯಮ್ಮ ನೆನಪಾದರು. ನೀವು ಅವರನ್ನು ನೋಡಿದ್ದರೆ ಒಪ್ಪುತ್ತಿದ್ದಿರಿ: ಅತ್ತೆ ಮನಸ್ಸು ಮಾಡಿದರೆಂದರೆ ಎದುರಿಗಿರುವವರಿಗೆ ಪಕ್ಕಕ್ಕೆ ಸರಿಯುವುದೊಂದೇ ದಾರಿ.

ಅತ್ತೆಯ ಗಂಡ, ನಮ್ಮ ಮಾವ, ತೆಂಗಿನಮರ ಹತ್ತುವುದರಲ್ಲಿ ಊರಿಗೇ ಹೆಸರಾದವರು. ಮಳೆ ನಿಂತ ಒಂದು ಮಧ್ಯಾಹ್ನ ಜಾರಿ ಬಿದ್ದರು. ಜೀವ ಉಳಿಯಿತು, ಬಲಗಾಲು ಸೊಟ್ಟಾಯಿತು. ಕೋಲು ಹಿಡಿದದ್ದನ್ನು ಯಾರೂ ನೋಡಬಾರದೆಂದು ಹೊರಗೆ ಬರುವುದನ್ನೇ ನಿಲ್ಲಿಸಿದರು. ಆಗ ಅತ್ತೆ ಹೇಳಿದರು: "ಈ ಮನೇಲಿ ಇನ್ಯಾರೂ ಮರ ಅತ್ತಂಗಿಲ್ಲ. ನೆಲದ್ ಮೇಲೆ ನಿಂತ್ಕಂಡು ಕೀಳೋ ತೆಂಗು ಬೆಳೀತೀನಿ."

ಮಂಗಳೂರಿನ ಕಡೆ ಗೆಂದಾಳಿ ಎಂಬ, ಕೇಸರಿ ಕಾಯಿ ಬಿಡುವ ಗಿಡ್ಡ ತೆಂಗಿದೆಯೆಂದು ಬಾಯಿ ಬಿಟ್ಟವನು ನಾನೇ. ಅದರ ಫಲವಾಗಿ, ಅಲ್ಲಿಗೆ ಅತ್ತೆಯ ಜೊತೆ ಹೋಗಿ, ಸಸಿಗಳನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಘಾಟಿಯ ಪ್ರತಿ ತಿರುವಿನಲ್ಲೂ ಗರಿಗಳಿಂದ ಕೆನ್ನೆಗೆ ಹೊಡೆಸಿಕೊಂಡೆ.

ನೆಡಲು ಖಾಲಿ ಇದ್ದದ್ದು ನಾಲೆಯ ಕೆಳಗಿನ ತುಂಡು ಜಮೀನು. ಅದು ಚೌಳು. ಬೇಸಿಗೆಯಲ್ಲಿ ಉಪ್ಪು ಮೇಲೆದ್ದು ನೆಲ ಸುಣ್ಣ ಬಳಿದಂತೆ ಬೆಳ್ಳಗಾಗುತ್ತಿತ್ತು, ಭತ್ತವೂ ಬರುತ್ತಿರಲಿಲ್ಲ.

"ಉಪ್ನಲ್ಲಿ ಗಿಡ ನೆಡ್ತೀಯಲ್ಲಮ್ಮಿ, ತಲೆ ನೆಟ್ಗೈತಾ?" ಮಾವ ಮಂಚದಿಂದಲೇ ಕೂಗಿದರು.

"ಕಡ್ಲು ಪಕ್ದಲ್ಲಿ ಉಟ್ಟಿದ್ದು ಕಣ್ರೀ ಇದು. ಇದ್ಕೆ ಉಪ್ಪೇನ್ ಒಸ್ದಾ?" ಎಂದರು ಅತ್ತೆ.

ಮೊದಲ ಮಳೆಗಾಲದಲ್ಲೇ ಅರ್ಧ ಸಸಿಗಳು ಸತ್ತವು. ಅತ್ತೆ ಒಂದನ್ನು ಕಿತ್ತು ನೋಡಿದರು, ಬೇರು ಕೊಳೆತಿತ್ತು. "ಉಪ್ಪಲ್ಲ ಕಣ್ಲಾ, ನಿಂತ ನೀರು ಕೊಂದದೆ," ಎಂದರು ನನಗೆ. ಮರುದಿನವೇ ಸೊಂಟಕ್ಕೆ ಸೆರಗು ಸಿಕ್ಕಿಸಿ, ನೀರು ಹೊರಹೋಗಲು ಬಸಿಗಾಲುವೆ ತೋಡತೊಡಗಿದರು. ಉಳಿದ ಸಸಿಗಳನ್ನು ಎತ್ತಿ ಮಣ್ಣಿನ ದಿಬ್ಬದ ಮೇಲೆ ನೆಟ್ಟು, ಬುಡಕ್ಕೆ ಹೊಂಗೆ ಸೊಪ್ಪು ತುಳಿದರು. ನಾನೂ ನೆರವಾದೆ ಎಂದು ಬರೆಯಬಹುದು. ನಿಜದಲ್ಲಿ, ಕೆಸರಿನಲ್ಲಿ ಹೂತುಹೋದ ನನ್ನ ಬೂಟು ಹುಡುಕುವುದು ಅತ್ತೆಗೆ ಇನ್ನೊಂದು ಕೆಲಸವಾಯಿತು.

ಗಿಡಗಳು ಚಿಗುರಿದವು. ಮಾವ ಮೊದಲು ಹೊಸ್ತಿಲವರೆಗೆ ಬಂದರು, ಆಮೇಲೆ ನಾಲೆ ಏರಿಯವರೆಗೆ. ಕಾಲುವೆ ಸೊಟ್ಟಗಿದೆ ಎಂದು ಬಯ್ಯಲು ಒಂದು ದಿನ ತೋಟದೊಳಗೇ ಬಂದವರು, ಬಯ್ಯುತ್ತಲೇ ಕೂತು ಕಳೆ ಕಿತ್ತರು. ಮತ್ತೆ ಮಂಚ ಹಿಡಿಯಲಿಲ್ಲ.

ಮೊದಲ ಗೊನೆ ಬಂದಾಗ ನಾನಿದ್ದೆ. ಮಾವ ಕೋಲನ್ನು ಬದಿಗೆ ಒರಗಿಸಿ, ಎರಡೂ ಕೈ ಚಾಚಿ ಒಂದು ಕಾಯಿ ತಿರುಚಿ ಕಿತ್ತರು. ಕೆತ್ತಿ ಅತ್ತೆಯ ಕೈಗೆ ಕೊಟ್ಟರು.

"ಮೊದ್ಲು ನೀವು ಕುಡೀರಿ."

"ನೀ ಕುಡಿಯಮ್ಮಿ. ಕಿತ್ತೋನು ನಾನು."

ಅತ್ತೆ ಒಂದೇ ಉಸಿರಿಗೆ ಕುಡಿದರು. "ಒಂಚೂರೂ ಉಪ್ಪಿಲ್ಲ ಕಣ್ರೀ. ಸೀಯಾಗೈತೆ."

ಈ ವರ್ಷ ಇನ್ನೊಂದು ಸಾಲು ನೆಡಬೇಕು, ಗುಂಡಿ ತೋಡಲು ಬಾ ಎಂದು ಮಾವ ಮೊನ್ನೆ ಫೋನು ಮಾಡಿದ್ದರು. ನೋಡೋಣ ಎಂದಿದ್ದೆ. ಎಳನೀರು ಮುಗಿಸಿದವನು ಮೈಸೂರಿನ ಬಸ್ಸನ್ನು ಹೋಗಲು ಬಿಟ್ಟು, ಪಾಲಹಳ್ಳಿಯ ಆಟೋ ಹತ್ತಿ ಮಾವನಿಗೆ ಫೋನು ಮಾಡಿದೆ.

"ಗುದ್ದಲಿ ತೆಗೆದಿಡಿ ಮಾವ, ಬರ್ತಾ ಇದೀನಿ."

"ಬಿರ್‍ರನೆ ಬಾರ್ಲಾ," ಮಾವ ಏದುಸಿರಿನಲ್ಲೇ ಹೇಳಿದರು. "ನಾನಾಗ್ಲೇ ಸುರು ಅಚ್ಕಂಡಿವ್ನಿ."